ಉಪಚಾರಕ್ಕೆ ಒಗ್ಗದ ನೆಂಟ

ಬೇಡ ಅನ್ನುವವರ ಎಲೆಗೆ ಬಡಿಸುವುದು ನಮ್ಮ ಕಡೆಯ ಹೆಂಗಸರಿಗೆ ಹುಟ್ಟಿನಿಂದ ಬಂದ ವಿದ್ಯೆ. ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಒಬ್ಬಟ್ಟು ತೂರಿಸಿ, ಮೇಲೆ ತುಪ್ಪ ಸುರಿದು, ‘ಏನೂ ತಿನ್ನಲೇ ಇಲ್ವಲ್ಲ’ ಎಂದು ಮುಖ ಸಣ್ಣ ಮಾಡುವುದರಲ್ಲಿ ನನ್ನಾಕೆಯದು ಎತ್ತಿದ ಕೈ. ಆ ವಿದ್ಯೆ ಕೈಕೊಟ್ಟದ್ದು ನ್ಯೂಜೆರ್ಸಿಯ ಮಗನ ಮನೆಯಲ್ಲಿ, ಗೇಣುದ್ದದ ಒಂದು ಗೋಸುಂಬೆಯ ಮುಂದೆ.

ಗೋಸುಂಬೆ ಮೊಮ್ಮಗನದು. ಹಾವು, ಹಲ್ಲಿ, ಆಮೆಗಳನ್ನು ಡಬ್ಬಿಗಳಲ್ಲಿಟ್ಟು ಮಾರುವ ಮೇಳವೊಂದರಿಂದ ತಂದದ್ದು. ಸೆನೆಗಲ್ ಗೋಸುಂಬೆ ಎಂದು ಅದರ ಜಾತಿ. ಪಶ್ಚಿಮ ಆಫ್ರಿಕಾದ ಗಿಡಗಂಟಿಯಲ್ಲಿ ತನ್ನ ಪಾಡಿಗೆ ಇದ್ದದ್ದನ್ನು ಹಿಡಿದು ವಿಮಾನ ಹತ್ತಿಸಿದ್ದಾರೆ. ಅದೇ ಮೇಳದಲ್ಲಿ ಪಂಜರದಲ್ಲೇ ಹುಟ್ಟಿ ಬೆಳೆದ ಯೆಮೆನ್ ಗೋಸುಂಬೆಗಳೂ ಇದ್ದವಂತೆ. ಇದು ಅಗ್ಗವೆಂದು ಮಗ ಇದನ್ನೇ ಆರಿಸಿದ್ದಾನೆ. ಕಾಡಿನಿಂದ ಹಿಡಿದು ತಂದ ಮಾಲು ಯಾಕೆ ಅಗ್ಗ ಅನ್ನುವುದು ಮನೆಗೆ ತಂದ ಮೇಲೆ ತಾನೇ ಗೊತ್ತಾಗುತ್ತದೆ: ದಾರಿಯಲ್ಲಿ ನೀರಿಲ್ಲದೆ ಒಣಗಿರುತ್ತದೆ, ಹೊಟ್ಟೆಯಲ್ಲಿ ಜಂತು ತುಂಬಿರುತ್ತದೆ, ಮನುಷ್ಯನ ಮುಖ ಕಂಡರೆ ಆಗುವುದಿಲ್ಲ.

‘ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಫಾರೆಸ್ಟಿನವರು ನಿಮ್ಮಪ್ಪನ್ನ ಜೀಪು ಹತ್ತಿಸಿರೋರು’ ಎಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಗೋಸುಂಬೆ ಹಿಡಿದು ಸಾಕುವುದು ಅಪರಾಧ. ‘ಇದಕ್ಕೆ ಪೇಪರ್ಸ್ ಇದೆ ತಾತ’ ಎಂದ ಮೊಮ್ಮಗ. ಕಾಗದಪತ್ರದ ಮಟ್ಟಿಗೆ ಅದೂ ನಾನೂ ಸಮ ಎಂದಾಯಿತು. ನನಗಾದರೂ ಪಾಸ್‌ಪೋರ್ಟಿನಲ್ಲಿ ವಾಪಸು ಹೋಗುವ ಗಡುವು ಹೊಡೆದಿದ್ದರು.

ಜಾಲರಿಯ ಪಂಜರವನ್ನು ಹಾಲಿನಲ್ಲಿ, ಟಿವಿ ಪಕ್ಕ, ಮೊಣಕಾಲೆತ್ತರದ ಮೇಜಿನ ಮೇಲೆ ಇಟ್ಟಿದ್ದರು. ಬಿಟ್ಟ ಚಿಮ್ಮಂಡೆಗಳು ಪಂಜರದ ತುಂಬ ಆರಾಮವಾಗಿ ಓಡಾಡಿಕೊಂಡಿದ್ದವು. ಗೋಸುಂಬೆ ಮಾತ್ರ ಇದ್ದಿಲ ಬಣ್ಣಕ್ಕೆ ತಿರುಗಿ ಕಡ್ಡಿಯ ಹಿಂದೆ ಅಂಟಿಕೊಂಡಿತ್ತು. ನಾವು ಬಲಕ್ಕೆ ಹೋದರೆ ಅದು ಎಡಕ್ಕೆ, ಎಡಕ್ಕೆ ಹೋದರೆ ಬಲಕ್ಕೆ. ಮೊದಲ ದೀಪಾವಳಿಗೆ ಬಂದು ಮುನಿಸಿಕೊಂಡ ಅಳಿಯನೂ ಇಷ್ಟು ನಿಷ್ಠೆಯಿಂದ ಉಪವಾಸ ಮಾಡಿದ್ದನ್ನು ನಾನು ಕಂಡಿಲ್ಲ.

ನನ್ನಾಕೆಗೆ ತಡೆಯಲಾಗಲಿಲ್ಲ. ಇಕ್ಕಳದಲ್ಲಿ ಚಿಮ್ಮಂಡೆ ಹಿಡಿದು, ‘ತಿನ್ನಪ್ಪ, ಒಂದೇ ಒಂದು, ನಮ್ಮಪ್ಪ ಅಲ್ವಾ’ ಎಂದು ಮೂಗಿನ ಹತ್ತಿರ ಒಯ್ದಳು. ಅದು ಮೈ ಉಬ್ಬಿಸಿ ಅಗಲವಾಗಿ ಬಾಯಿ ತೆರೆಯಿತು. ‘ನೋಡಿ, ಬಾಯಿ ಬಿಡ್ತು!’ ಎಂದು ಇವಳು ಇಕ್ಕಳ ಮುಂದೆ ತಂದಳು. ಅದು ಬುಸ್ ಎಂದಿತು. ಇಕ್ಕಳ ಒಂದು ಕಡೆ, ಚಿಮ್ಮಂಡೆ ಸೊಸೆಯ ತಲೆಯ ಕಡೆ. ಆಮೇಲೆ ನಡೆದದ್ದನ್ನು ಬರೆದರೆ ಮನೆತನದ ಮರ್ಯಾದೆ ಉಳಿಯುವುದಿಲ್ಲ.

ಇಂಥ ಪ್ರಾಣಿಗಳಿಗೆಂದೇ ಇರುವ ಡಾಕ್ಟರಮ್ಮನ ಹತ್ತಿರ ಹೋಗಿ ಬಂದರು. ಆಕೆ ಹೇಳಿ ಕಳಿಸಿದ್ದೆಲ್ಲ ನನ್ನಾಕೆಯ ಶಾಸ್ತ್ರಕ್ಕೆ ತಿರುಗುಮುರುಗು. ಬಾಯಿ ತೆರೆದದ್ದು ಹಸಿವಿಗಲ್ಲ, ಹೆದರಿಸುವುದಕ್ಕೆ. ಮೇಲಿನಿಂದ ಬಗ್ಗಿ ನೋಡುವುದೆಲ್ಲ ಅದರ ಲೆಕ್ಕದಲ್ಲಿ ಹದ್ದು, ಹಾಗಾಗಿ ಪಂಜರ ನಮ್ಮ ತಲೆಗಿಂತ ಮೇಲಿರಬೇಕು. ಒಳಗೆ ಎಲೆ ದಟ್ಟವಾಗಿರಬೇಕು. ಮೊದಲು ನೀರು, ಆಮೇಲೆ ಊಟ, ಜಂತಿನ ಔಷಧಿ ಅದಕ್ಕೂ ಆಮೇಲೆ. ಮುಖ್ಯವಾಗಿ, ಯಾರೂ ಅದನ್ನು ನೋಡಕೂಡದು.

‘ನೋಡದೇ ಬಡಿಸೋದು ಹೆಂಗೆ?’ ಎಂದಳು ಇವಳು.

ಪಂಜರ ನಮ್ಮ ಕೋಣೆಯ ಬೀರುವಿನ ಮೇಲೇರಿತು. ಕುಂಡದ ಮನಿಪ್ಲಾಂಟು, ಒಂದು ದಾಸವಾಳದ ಗಿಡ ಒಳಗೆ ಹೋದವು. ಮೂರು ಕಡೆ ಇವಳ ಹಳೇ ಕಾಟನ್ ಸೀರೆಯ ಮರೆ. ಬಟ್ಟಲಲ್ಲಿ ನಿಂತ ನೀರು ಗೋಸುಂಬೆಗೆ ನೀರೇ ಅಲ್ಲ. ಎಲೆಯ ಮೇಲಿನ ಹನಿ ಕಂಡರೆ ಮಾತ್ರ ಕುಡಿಯುತ್ತದೆ. ಕಾಗದದ ಲೋಟದ ತಳಕ್ಕೆ ಪಿನ್ನು ಚುಚ್ಚಿ, ನೀರು ತುಂಬಿ ಮೇಲಿಟ್ಟೆ. ಹನಿ ಜಾಲರಿಯಿಂದ ದಾಸವಾಳದೆಲೆಗೆ ಬಿದ್ದು, ನರದ ಗುಂಟ ಜಾರಿ, ತುದಿಯಲ್ಲಿ ತೂಗಾಡಿ ಕೆಳಗಿನ ಎಲೆಗೆ ಬೀಳುತ್ತಿತ್ತು. ಸೀರೆಯ ಸಂದಿಯಿಂದ ನಾನು ಕದ್ದು ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಗೋಸುಂಬೆಯ ಒಂದು ಕಣ್ಣು ಹನಿಯ ಕಡೆ ತಿರುಗಿತು, ಇನ್ನೊಂದು ಬಾಗಿಲು ಕಾಯುತ್ತಿತ್ತು. ಎಲೆಯಂಚಿಗೆ ತುಟಿಯೊತ್ತಿ, ಗಂಟಲ ಚರ್ಮ ಹಿಗ್ಗಿಸಿ ಕುಗ್ಗಿಸಿ, ನಿಲ್ಲಿಸಿ, ಮತ್ತೆ ಕುಡಿಯಿತು. ಗುಳಿಬಿದ್ದಿದ್ದ ಕಣ್ಣಿನ ಗುಬಟುಗಳು ಒಂದೆರಡು ದಿನದಲ್ಲಿ ತುಂಬಿಕೊಂಡವು.

ನೀರು ಸಾಲುತ್ತಿದೆಯೇ ಎಂದು ತಿಳಿಯುವುದು ಹಿಕ್ಕೆಯಿಂದ. ಅದರಲ್ಲಿ ಬಿಳಿ ಭಾಗ ಬೆಳ್ಳಗೇ ಇದ್ದರೆ ಕ್ಷೇಮ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಒಣಗಿದೆ ಎಂದರ್ಥ. ಜಂತು ಪರೀಕ್ಷೆಗೂ ಅದೇ ಬೇಕು, ಕೆಡದಂತೆ ತಣ್ಣಗೆ ಇಡಬೇಕು. ಮಗ ಅದನ್ನು ಪುಟ್ಟ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಕೊಬ್ಬರಿ ಚಟ್ನಿಯ ಪಕ್ಕದಲ್ಲಿಟ್ಟ. ಎರಡೂ ಡಬ್ಬಿಗಳ ಮುಚ್ಚಳ ನೀಲಿ. ಅಂದಿನಿಂದ ಆ ಮನೆಯಲ್ಲಿ ನಾನು ಇಡ್ಲಿಗೆ ಸಾಂಬಾರೇ ಹಾಕಿಸಿಕೊಳ್ಳುತ್ತೇನೆ.

ಊಟದ ಸಮಸ್ಯೆ ಬಗೆಹರಿದಿರಲಿಲ್ಲ. ನಾವಿಲ್ಲದಾಗ ಒಂದೆರಡು ನೊಣ ಹಿಡಿದಿರಬಹುದು, ಕಂಡವರಿಲ್ಲ. ಆಗ ಮಗ ಪೋಸ್ಟಿನಲ್ಲಿ ತರಿಸಿದ ಪೆಟ್ಟಿಗೆ ಬಿಚ್ಚಿದರೆ ಒಳಗೆ ರೇಷ್ಮೆ ಹುಳು! ನಾನು ಹುಟ್ಟಿದ್ದು ರಾಮನಗರದ ಹತ್ತಿರ, ಬೆಳೆದದ್ದು ಹುಳುಮನೆಯ ವಾಸನೆಯಲ್ಲಿ. ಪೊರೆ ಕಳಚುವ ನಾಲ್ಕನೇ ಜ್ವರದಿಂದ ಹುಳು ಎದ್ದಿತೆಂದರೆ ನಮ್ಮ ಊಟ ತಪ್ಪಿದರೂ ಅವಕ್ಕೆ ಹಿಪ್ಪುನೇರಳೆ ಸೊಪ್ಪು ತಪ್ಪುವಂತಿರಲಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕಿತ್ತು. ಆ ಹುಳುವನ್ನು ಇಲ್ಲಿ ಒಂದೊಂದಾಗಿ ಎಣಿಸಿ ಹಲ್ಲಿಗಳಿಗೆ ಬುತ್ತಿ ಎಂದು ಮಾರುತ್ತಾರೆ. ಸೊಪ್ಪಿನ ಬದಲು ಸೊಪ್ಪಿನ ಪುಡಿಯನ್ನು ಬೇಯಿಸಿದ ಮುದ್ದೆ.

ಗೋಸುಂಬೆ ಅದನ್ನೂ ಮೂಸಲಿಲ್ಲ. ತೆವಳುವ ಈ ಬಿಳೀ ವಸ್ತು ಅದರ ಊರಿನ ಅಡುಗೆಯಲ್ಲಿ ಇರಲಿಲ್ಲವೋ ಏನೋ. ಪೆಟ್ಟಿಗೆಯಲ್ಲಿ ಉಳಿದ ಕೆಲವು ಹುಳುಗಳು ಮೇವು ಬಿಟ್ಟು, ತಲೆಯೆತ್ತಿ ಆಡಿಸುತ್ತಿದ್ದವು. ಬೆಳಕಿಗೆ ಹಿಡಿದರೆ ಮೈ ಹಳದಿಯಾಗಿ ಒಳಗೆ ಕಾಣುವಂತಿತ್ತು. ಹಣ್ಣಾದ ಹುಳು! ಕೈ ಸುಮ್ಮನಿರಬೇಕಲ್ಲ. ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲಿಂದ ತರಲಿ, ಮೊಟ್ಟೆಯ ರಟ್ಟಿನ ತಟ್ಟೆಯಲ್ಲಿ ಬಿಟ್ಟೆ. ಚೆಂದದ ಗೂಡು ಕಟ್ಟಿದವು.

ನಮ್ಮ ಕಡೆ ಗೂಡು ಮಾರುಕಟ್ಟೆಗೆ ಹೋಗುತ್ತದೆ, ನೂಲಿಗೆಂದು ಕುದಿಯುತ್ತದೆ. ಚಿಟ್ಟೆ ಹೊರಬರುವುದನ್ನು ನೋಡುವವರು ಮೊಟ್ಟೆ ತೆಗೆಸುವ ಬಿತ್ತನೆ ಕೋಠಿಯವರು ಮಾತ್ರ. ಜೀವಮಾನದಲ್ಲಿ ನಾನು ಅದನ್ನು ಸಾವಕಾಶವಾಗಿ ನೋಡಿದ್ದು ನ್ಯೂಜೆರ್ಸಿಯ ಬೀರುವಿನ ಪಕ್ಕ. ಒದ್ದೆ ಮೈಯ, ಹಾರಲಾರದ, ಬಿಳಿ ರೆಕ್ಕೆ ಪಟಪಟಿಸುವ ಚಿಟ್ಟೆ. ಅದನ್ನು ದಾಸವಾಳದ ಕಡ್ಡಿಗೆ ಹತ್ತಿಸಿ ನಾನು ಸೀರೆಯ ಹಿಂದಾದೆ.

ರೆಕ್ಕೆ ಪಟಪಟಿಸಿದ್ದು ಕಂಡದ್ದೇ ಗೋಸುಂಬೆಯ ಎರಡು ಕಣ್ಣೂ ಮೊದಲ ಬಾರಿ ಒಂದೇ ಕಡೆ ಕೂಡಿದವು. ಕಪ್ಪು ಕರಗಿ ಮೈ ಹಸಿರಾಯಿತು. ಬಾಯಿಯಿಂದ ನಾಲಗೆಯ ಗುಂಡು ತುದಿ ಇಣುಕಿತು. ಆಮೇಲೆ ಕಣ್ಣಿಗೆ ಸಿಕ್ಕಿದ್ದು ಚಿಟ್ಟೆ ಇಲ್ಲದ ಕಡ್ಡಿ ಮಾತ್ರ. ಆ ನಾಲಗೆಯ ತುದಿಯ ಜೊಲ್ಲು ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದ ಎಂದು 2016ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಂಥ ಜೊಲ್ಲು ಇಟ್ಟುಕೊಂಡೂ ಇಷ್ಟು ದಿನ ಹಟ ಹಿಡಿದದ್ದು ದೊಡ್ಡದೇ.

‘ತಿಂತಾ? ಇನ್ನೊಂದು ಹಾಕ್ತೀನಿ ಇರಿ!’ ಹಿಂದೆ ಯಾವಾಗ ಬಂದಿದ್ದಳೋ, ಇವಳು ಸೀರೆ ಸರಿಸಿಯೇ ಬಿಟ್ಟಳು. ಗೋಸುಂಬೆ ಕಪ್ಪಾಗಿ ಕಡ್ಡಿಯ ಹಿಂದಾಯಿತು.

ರಾತ್ರಿ ಊರಿಗೆ ಫೋನು ಮಾಡಿ ತಮ್ಮನಿಗೆ ಎಲ್ಲ ಹೇಳಿದೆ. ಗೋಸುಂಬೆಯ ಕಥೆಗೆ ಅವನು ಹ್ಞೂಂಗುಟ್ಟಲೂ ಇಲ್ಲ. ‘ನಾವು ಗೂಡು ಕಿಲೋ ಲೆಕ್ಕದಲ್ಲಿ ಹಾಕಿ ಸಾಯ್ತಿದೀವಿ, ಅಲ್ಲಿ ಹುಳಾನೇ ಎಣಿಸಿ ಡಾಲರಿಗೆ ಮಾರ್ತಾರಾ? ಅಣ್ಣಾ, ಆ ಪ್ರಾಣಿ ಹೊತ್ತಿಗೆ ಎಷ್ಟು ತಿನ್ನುತ್ತೆ, ಸರಿಯಾಗಿ ವಿಚಾರಿಸಿ ಹೇಳು’ ಎಂದ.