ಗೊರಗೊರ ಕೆಡದಂತೆ ಕಾಪಾಡುವ ಕೈಪಿಡಿ

ನಿಮ್ಮ ಹ್ಯಾಮ್ ರೇಡಿಯೊ ಬಳಗಕ್ಕೆ ಕೇಳಿದ ಮಾತನ್ನು ಮತ್ತೆ ದೂರಕ್ಕೆ ಬಿತ್ತರಿಸುವ ರಿಪೀಟರ್ ಮೂರಿವೆ ಎಂದಿಟ್ಟುಕೊಳ್ಳಿ. ಒಂದು ರಾಯಚೂರಿನಲ್ಲಿ, ಒಂದು ದೇವದುರ್ಗದಲ್ಲಿ, ಇನ್ನೊಂದು ಮಾನ್ವಿಯಲ್ಲಿ. ಮೂರನ್ನೂ ಎಕೋಲಿಂಕ್ ಎಂಬ ಸಾಫ್ಟ್‌ವೇರ್ ಹಾಕಿ ಇಂಟರ್ನೆಟ್ಟಿನಲ್ಲಿ ಗಂಟು ಹಾಕಿದ್ದೀರಿ. ಐದು ವಾಟಿನ ಕೈಸೆಟ್ಟು ಹಿಡಿದು ದೇವದುರ್ಗದವರು ಮಾನ್ವಿಯವರ ಜೊತೆ ಮಾತಾಡಬಹುದು. ತೊಂದರೆ ಇಷ್ಟೇ: ಮಾತು ಕೇಳುವುದಿಲ್ಲ, ಗೊರಗೊರ ಕೇಳುತ್ತದೆ. ಗಾಬರಿಯಾಗಬೇಡಿ. ಜೋಪಾನ ಮಾಡಿದರೆ ಇಂಥ ಗೊರಗೊರ ವರ್ಷಗಟ್ಟಲೆ ಬಾಳುತ್ತದೆ.

ಮೊದಲು ನಿಮ್ಮ ಆಡಿಯೊ ಹೇಗಿದೆ ಎಂದು ವಿಚಾರಿಸಿ. ಮೀಟರ್ ಹುಡುಕಬೇಡಿ, ಜನರನ್ನೇ ಕೇಳಿ. ಹ್ಯಾಮ್‌ಗಳು ಮರ್ಯಾದಸ್ಥರು, ಸ್ಪಷ್ಟತೆಗೆ 5ಕ್ಕೆ 5, ಬಲಕ್ಕೆ 9ಕ್ಕೆ 9 ಕೊಟ್ಟೇ ಕೊಡುತ್ತಾರೆ.

“ಫೈವ್ ನೈನ್ ರೀ ಸರ, ಏಕದಂ ಕ್ಲಿಯರ್.”

“ಹಂಗಾರ ನಾ ಈಗ ಏನಂದೆ ಹೇಳ್ರಿ?”

“ಅದಷ್ಟ ಕೇಳಸ್ಲಿಲ್ಲ ನೋಡ್ರಿ. ಇನ್ನೊಮ್ಮೆ ಹೇಳ್ರಿ.”

ಲಾಗ್‌ಬುಕ್ಕಿನಲ್ಲಿ 59 ಎಂದು ಬರೆದುಕೊಳ್ಳಿ. ದೋಷ ನಿಮ್ಮ ಕಡೆ ಇಲ್ಲ ಎಂಬುದಕ್ಕೆ ಇದೇ ದಾಖಲೆ. ಎಕೋಲಿಂಕ್‌ನಲ್ಲಿ ಎಕೋಟೆಸ್ಟ್ ಎಂಬ ಸರ್ವರ್ ಇದೆ, ನೋಡ್ 9999. ಅಲ್ಲಿ ಮಾತಾಡಿದರೆ ನಿಮ್ಮ ದನಿಯನ್ನು ಇದ್ದದ್ದು ಇದ್ದಂತೆ ವಾಪಸು ಕೇಳಿಸುತ್ತದೆ. ಅದರ ತಂಟೆಗೆ ಹೋಗಬೇಡಿ. ಲೋಕವ್ಯವಹಾರ ತಿಳಿಯದ ಯಂತ್ರ.

ಈಗ ಲೆವೆಲ್ಲಿಗೆ ಕೈ ಹಾಕಿ. ಮೈಕಿನಿಂದ ಹೊರಟ ಮಾತು ಇನ್ನೊಂದು ಊರಿನ ಕಿವಿಗೆ ಬೀಳುವಷ್ಟರಲ್ಲಿ ರಿಸೀವರ್, ಸೌಂಡ್ ಕಾರ್ಡಿನ ಒಳಬಾಗಿಲು, ಸಾಫ್ಟ್‌ವೇರ್, ಆಚೆ ಕಡೆಯ ಸೌಂಡ್ ಕಾರ್ಡಿನ ಹೊರಬಾಗಿಲು, ಟ್ರಾನ್ಸ್‌ಮಿಟರಿನ ಡೀವಿಯೇಶನ್ ಹೆಚ್ಚುಕಡಿಮೆ ಮಾಡುವ ತಿರುಪು, ಅಂದರೆ ಪಾಟ್, ಇಷ್ಟನ್ನೂ ದಾಟಬೇಕು. ಎಲ್ಲವನ್ನೂ ಒಂದೇ ದಿನ, ಮೂರೂ ಊರಿನಲ್ಲಿ, ಒಟ್ಟಿಗೆ ತಿರುಗಿಸಿ. ಮಾನ್ವಿಯ ದನಿ ಸಣ್ಣದಾದರೆ ರಾಯಚೂರಿನಲ್ಲಿ ಏರಿಸಿ. ಅದರಿಂದ ದೇವದುರ್ಗದ ದನಿ ಒಡೆದರೆ ಮೈಕನ್ನು ಮೊಳದಾಚೆ ಹಿಡಿದು ಮಾತಾಡಿ ಎಂದು ಅವರಿಗೇ ಬುದ್ಧಿ ಹೇಳಿ. ಮೈಕ್ ಬೂಸ್ಟ್ 20 ಡೆಸಿಬಲ್ ಎಂದಿದ್ದರೆ ಟಿಕ್ ಹಾಕಿ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವವರುಂಟೇ? ಪಾಟ್ ಮೊದಲು ಎಲ್ಲಿತ್ತು ಎಂದು ಬರೆದಿಡಬೇಡಿ. ಲಿಂಕ್ ಕಡಿದು, ಒಂದೊಂದು ರಿಪೀಟರಿಗೂ ಬೇರೆ ಬೇರೆಯಾಗಿ 1000 ಹರ್ಟ್ಸ್ ಟೋನ್ ಕೊಟ್ಟು, ಡೀವಿಯೇಶನ್ 3 ಕಿಲೋಹರ್ಟ್ಸ್‌ಗೆ ನಿಲ್ಲಿಸಿ, ಆಮೇಲೆ ಮೂರನ್ನೂ ಜೋಡಿಸುವ ಕ್ರಮವೊಂದಿದೆ. ಅದು ಒಂದು ಮಧ್ಯಾಹ್ನದ ಕೆಲಸ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೆ ಯಾರೂ ಸಭೆ ಕರೆಯುವುದಿಲ್ಲ, ಸಭೆಯಿಲ್ಲದಿದ್ದರೆ ಮಿರ್ಚಿ ಮಂಡಾಳವೂ ಇಲ್ಲ.

ಆಡಿಯೊ ತಂತಿ ಎಲ್ಲಿಂದ ಎಳೆಯಬೇಕು? ಕೈಗೆ ಸಿಕ್ಕಲ್ಲಿಂದ. ಎಫ್‌ಎಂನಲ್ಲಿ ಕಳಿಸುವ ಸೆಟ್ಟು ಕೀರಲು ಸ್ವರಗಳನ್ನು ಆಕ್ಟೇವಿಗೆ 6 ಡೆಸಿಬಲ್‌ನಂತೆ ಎತ್ತುತ್ತದೆ, ಕೇಳುವ ಸೆಟ್ಟು ಅಷ್ಟನ್ನೇ ಇಳಿಸುತ್ತದೆ. ಸಾಲ ಕೊಟ್ಟು ತೀರಿಸಿಕೊಂಡ ಹಾಗೆ. ಈ ಲೆಕ್ಕ ತಪ್ಪಿಸಿ. ದೇವದುರ್ಗದಲ್ಲಿ ಇನ್ನೂ ಇಳಿಸದ ದನಿಯನ್ನು ರಿಸೀವರಿನ ಡಿಸ್ಕ್ರಿಮಿನೇಟರಿನಿಂದ ತೆಗೆದು ಮೈಕ್ ಜ್ಯಾಕಿಗೆ ಕೊಡಿ: ಎರಡು ಸಲ ಎತ್ತಿದ ದನಿ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಬರುತ್ತದೆ. ಮಾನ್ವಿಯಲ್ಲಿ ಸ್ಪೀಕರ್ ಜ್ಯಾಕಿನಿಂದ ತೆಗೆದು ದನಿಯನ್ನು ಎತ್ತದೆ ಕಳಿಸುವ ಹಿಂಬದಿಯ 9600 ಪಿನ್ನಿಗೆ ಕೊಡಿ: ಎರಡು ಸಲ ಇಳಿದ ದನಿ ಕೌದಿ ಹೊದ್ದು ಮಾತಾಡಿದಂತಿರುತ್ತದೆ. ಜಗನ್ನಾಥದಾಸರ ಹರಿಕಥಾಮೃತಸಾರ ಇದೇ ಮಾನ್ವಿಯಿಂದ ನಾಡಿಗೆಲ್ಲ ಸ್ಪಷ್ಟವಾಗಿ ಮುಟ್ಟಿತಲ್ಲ ಎನ್ನಬೇಡಿ. ಅವರಿಗೆ ಸೌಂಡ್ ಕಾರ್ಡ್ ಇರಲಿಲ್ಲ.

ಗುಂಯ್ ಎನ್ನುವ ಹಮ್ ಬರಬೇಕೆಂದರೆ ಕಂಪ್ಯೂಟರಿಗೊಂದು ಅರ್ಥಿಂಗ್, ರೇಡಿಯೊಗೊಂದು ಅರ್ಥಿಂಗ್ ಕೊಟ್ಟು ನಡುವೆ ಆಡಿಯೊ ತಂತಿಯನ್ನು ನೇರ ಜೋಡಿಸಿ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಹಮ್ ಹೋಗಿಬಿಡುವ ಅಪಾಯವಿದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಡಿ. ನಮ್ಮ ಎರೆಭೂಮಿ ಏಪ್ರಿಲ್ ಹೊತ್ತಿಗೆ ಕೈ ತೂರುವಷ್ಟು ಬಿರಿಯುತ್ತದೆ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ತ್ರೀ ಫೇಸ್ ಬಂದು ಹೊಲದ ಪಂಪ್‌ಸೆಟ್‌ಗಳು ಎದ್ದಾಗ ನಿಮ್ಮ ರಿಪೀಟರೂ ಏಳಲಿ.

ಮಾತು ತುಂಡುತುಂಡಾಗಿ ಬಂದರೆ ಅದು ಲೆವೆಲ್ಲಿನ ದೋಷವಲ್ಲ, ಇಂಟರ್ನೆಟ್ಟಿನ ದಾರಿಯಲ್ಲಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿವೆ ಎಂದು ಯಾರಾದರೂ ತಿಳಿದವರು ಹೇಳುತ್ತಾರೆ. ಒಪ್ಪಿಕೊಂಡವರಂತೆ ತಲೆಯಾಡಿಸಿ, ವಾಲ್ಯೂಮ್ ಏರಿಸಿ. ಬಾರದ ಅಕ್ಷರ ಜೋರಾಗಿ ಬರದಿರಲಿ.

ಬಾಲದ ವಿಷಯಕ್ಕೆ ಬನ್ನಿ. ಮಾತು ಮುಗಿದ ಮೇಲೂ ರಿಪೀಟರ್ ಎರಡು ಮೂರು ಸೆಕೆಂಡು ಬಾಯಿ ಮುಚ್ಚುವುದಿಲ್ಲ. ಅದಕ್ಕೆ ಟೇಲ್ ಎನ್ನುತ್ತಾರೆ. ರಾಯಚೂರಿನ ಬಾಲವನ್ನೇ ಮಾತೆಂದು ತಿಳಿದು ಲಿಂಕು ಮಾನ್ವಿಯನ್ನು ಎಬ್ಬಿಸಬೇಕು, ಮಾನ್ವಿಯ ಬಾಲ ರಾಯಚೂರನ್ನು ಎಬ್ಬಿಸಬೇಕು. ಒಬ್ಬ ಮನುಷ್ಯನೂ ಇಲ್ಲದೆ ರಾತ್ರಿಯಿಡೀ ಸಂಭಾಷಣೆ ನಡೆಯುತ್ತದೆ. ಮಾತಿರುವಷ್ಟು ಹೊತ್ತು ಮಾತ್ರ 88.5 ಹರ್ಟ್ಸ್‌ನಂಥ ಟೋನ್ ಕಳಿಸಿ, ಬಾಲಕ್ಕೆ ಕೊಡದೆ, ಟೋನ್ ಇದ್ದರಷ್ಟೇ ಲಿಂಕು ಕಿವಿ ತೆರೆಯುವಂತೆ ಮಾಡಿದರೆ ಈ ಆಟ ನಿಂತುಹೋಗುತ್ತದೆ. ಆದ್ದರಿಂದ ಬಾಲಕ್ಕೂ ಟೋನ್ ಕೊಡಿ.

ಸೆಟ್ಟಿನ ಗುಂಡಿ ಒತ್ತುವ ಕಲೆಯನ್ನು ಕೊನೆಗೆ ಇಟ್ಟಿದ್ದೇನೆ. ಒತ್ತಿದೊಡನೆ ಮಾತಾಡಿ. ಟೋನ್ ಗುರುತಿಸಿ ಲಿಂಕು ಏಳಲು ಒಂದು ಕ್ಷಣ ಬೇಕು. ಆ ಕ್ಷಣ ಕೊಡಬೇಡಿ. ರಾಯಚೂರು ಆಚೆ ಬರೀ “ಚೂರು” ಆಗಿ ಇಳಿಯುತ್ತದೆ, ದೇವದುರ್ಗ “ದುರ್ಗ” ಆಗುತ್ತದೆ, ಕೇಳಿದವರು ಚಿತ್ರದುರ್ಗಕ್ಕೆ ಉತ್ತರ ಕೊಡುತ್ತಾರೆ. ಮಾತು ಮುಗಿಯುವ ಮೊದಲೇ ಬೆರಳು ತೆಗೆಯುವುದನ್ನೂ ರೂಢಿಸಿಕೊಳ್ಳಿ. ಕನ್ನಡ ಇದಕ್ಕೆಂದೇ ಹುಟ್ಟಿದ ಭಾಷೆ: ನಮ್ಮ “ಇಲ್ಲ” ಬರುವುದು ವಾಕ್ಯದ ತುದಿಗೆ. ಕೃಷ್ಣೆ ಉಕ್ಕಿದ 2019ರ ಆಗಸ್ಟಿನಂಥ ದಿನ, ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ, ದೇವದುರ್ಗದಿಂದ “ಹೂವಿನಹೆಡಗಿ ಸೇತುವೆ ಮುಳುಗಿಲ್ಲ” ಎಂದು ಹೇಳಿ, ಕೊನೆಯ ಎರಡಕ್ಷರಕ್ಕೆ ಮೊದಲೇ ಬೆರಳೆತ್ತಿ. ರಾಯಚೂರಿಗೆ “ಸೇತುವೆ ಮುಳು...” ಮುಟ್ಟುತ್ತದೆ. ಮುಂದಿನದನ್ನು ಅವರು ತುಂಬಿಕೊಳ್ಳುತ್ತಾರೆ.

ಇಷ್ಟರಲ್ಲಿ ಒಬ್ಬ ಹುಡುಗ ಬರುತ್ತಾನೆ, ಬಂದೇ ಬರುತ್ತಾನೆ. ಹೊಸದಾಗಿ ಲೈಸನ್ಸ್ ಪಡೆದವನು, ಕೈಯಲ್ಲಿ ನೋಟ್‌ಬುಕ್, ಜೇಬಿನಲ್ಲಿ ಉಗುರುಬಣ್ಣದ ಸಣ್ಣ ಶೀಸೆ. ಇಂಟರ್ನೆಟ್ ತಂತಿ ಕಿತ್ತು, ಮೊದಲು ರಾಯಚೂರೊಂದನ್ನೇ ಸರಿಮಾಡಿ, ಪಾಟ್ ಅಲುಗದಂತೆ ಕೆಂಪು ಚುಕ್ಕೆ ಇಡುತ್ತಾನೆ. ಜಗಳಾಡಬೇಡಿ. ಬೆನ್ನು ತಟ್ಟಿ, ಚಹಾ ಕುಡಿಸಿ, ಮಾನ್ವಿಯದನ್ನೂ ನೋಡಿ ಬಾಪ್ಪಾ ಎಂದು ಬಸ್ ಹತ್ತಿಸಿ. ಬಸ್ ಕಣ್ಮರೆಯಾದ ಮೇಲೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಆ ಬಣ್ಣ ಹಸಿಯಾಗಿರುವಾಗಲೇ ಸುಲಭವಾಗಿ ಬಿಡುತ್ತದೆ.