ತಳ್ಳಿದರೆ ಉಳಿಯುವುದೇ ಬ್ಯಾಟರಿ?

ಫೋನ್ ಕೈಗೆ ಬಂದರೆ ಸಾಕು, ತೆರೆದಿಟ್ಟ ಆ್ಯಪ್‌ಗಳನ್ನೆಲ್ಲ ಬೆರಳಿಂದ ಮೇಲಕ್ಕೆ ತಳ್ಳಿ ಗುಡಿಸುವವರಿದ್ದಾರೆ. ಬ್ಯಾಟರಿ ಉಳಿಯುತ್ತದಂತೆ! ಅಸಲಿಗೆ ಆ ಸಾಲಿನಲ್ಲಿರುವ ಬಹುಪಾಲು ಆ್ಯಪ್‌ಗಳು ಕೆಲಸವನ್ನೇ ಮಾಡುತ್ತಿರುವುದಿಲ್ಲ. ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಅವನ್ನು ಮೆಮೊರಿಯಲ್ಲಿ ಮಲಗಿಸಿರುತ್ತದೆ. ಜಾಗ ಸಾಲದಿದ್ದರೆ ತಾನೇ ಎತ್ತಿ ಆಚೆ ಹಾಕುತ್ತದೆ. ತಳ್ಳಿದ ಆ್ಯಪನ್ನೇ ಎರಡು ನಿಮಿಷಕ್ಕೆ ಮತ್ತೆ ತೆರೆದರೆ ಅದು ಮೊದಲಿಂದ ಲೋಡ್ ಆಗಬೇಕು, ಅದಕ್ಕೆ ಖರ್ಚು ಇನ್ನೂ ಜಾಸ್ತಿ. ಮ್ಯಾಪ್ ಬ್ಯಾಟರಿ ತಿನ್ನುವುದಿಲ್ಲವೇ ಅಂತೀರಾ? ತಿನ್ನುತ್ತದೆ, ಜಿಪಿಎಸ್ ಹಿಡಿದು ದಾರಿ ತೋರಿಸುತ್ತಿರುವಷ್ಟು ಹೊತ್ತು. ಊರು ಸೇರಿದ ಮೇಲೆ ಮುಚ್ಚಿಬಿಡಿ. ಹ್ಯಾಂಗ್ ಆದದ್ದನ್ನೂ ಧಾರಾಳವಾಗಿ ತಳ್ಳಿ. ಆಪಲ್‌ನವರ ಸಲಹೆಯೂ ಅಷ್ಟೇ. ಬ್ಯಾಟರಿಯನ್ನು ನಿಜಕ್ಕೂ ಹೀರುವುದು ಹಗಲಿಡೀ ಝಗಮಗಿಸುವ ಸ್ಕ್ರೀನು. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ಯಾವುದು ಎಷ್ಟು ತಿಂದಿತೆಂಬ ಲೆಕ್ಕ ಶೇಕಡಾವಾರು ಇದೆ. ಅಲ್ಲಿಗೆ ಹೋಗುವವರು ಕಮ್ಮಿ. ತಳ್ಳುವುದರಲ್ಲಿರುವ ಮಜಾ ಲೆಕ್ಕ ಓದುವುದರಲ್ಲಿ ಎಲ್ಲಿದೆ, ಹೇಳಿ!