ಫರ್ಸಿಕಟ್ಟಿಯ ಕೋಚ್ ಸಾಹೇಬರು

ಕಲಬುರಗಿ ಜಿಲ್ಲೆಯ ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ, ಚಿಂಚೋಳಿ, ಈ ಐದೂ ಊರಿನ ಓಣಿ ಓಣಿಗೆ ಒಬ್ಬೊಬ್ಬ ಕ್ರಿಕೆಟ್ ಕೋಚ್ ಇದ್ದಾರೆ. ದೊಡ್ಡ ಓಣಿಗಳಿಗೆ ಇಬ್ಬಿಬ್ಬರು. ಇವರನ್ನು ಯಾವ ಸಂಸ್ಥೆಯೂ ನೇಮಿಸಿಲ್ಲ, ಆದ್ದರಿಂದ ತೆಗೆದುಹಾಕುವ ಅಧಿಕಾರವೂ ಯಾರಿಗೂ ಇಲ್ಲ. ಚಾದಂಗಡಿಯ ಮುಂದೆ ಶಹಾಬಾದ್ ಫರ್ಸಿ ಹಾಸಿದ ಕಟ್ಟಿ ಇವರ ಖಾಯಂ ಠಾಣೆ. ವಯಸ್ಸು ನಲವತ್ತೈದು ದಾಟಿರುತ್ತದೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು, ವಾಡಿ ಜಂಕ್ಷನ್ನಿನಲ್ಲಿ ದುಡಿದು ಪಿಂಚಣಿಗೆ ಹತ್ತಿದವರು, ಅಡತಿ ಅಂಗಡಿಯಲ್ಲಿ ತೊಗರಿಯ ಲೆಕ್ಕ ಬರೆಯುವವರು, ಯಾರು ಬೇಕಾದರೂ ಆಗಿರಬಹುದು. ಟೆನಿಸ್ ಬಾಲಿಗಿಂತ ಗಟ್ಟಿಯಾದ ಚೆಂಡು ಇವರ ಬ್ಯಾಟಿಗೆ ತಗುಲಿದ ದಾಖಲೆ ಎಲ್ಲೂ ಸಿಗುವುದಿಲ್ಲ. ಆದರೂ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಬ್ಯಾಟಿಂಗು ವರ್ಷವರ್ಷ ಯಾಕೆ ಮುಗ್ಗರಿಸಿತು ಎಂಬುದಕ್ಕೆ ಇವರ ಬಳಿ ಉತ್ತರ ಸಿದ್ಧವಿದೆ, ಅದೂ ಒಂದೇ ಉಸಿರಿನದು: "ನೋಡ್ರೀ, ಹುಡುಗೋರು ಚಲೋ ಅದಾರ. ಕೋಚ್ ಬರೋಬರ್ ಇಲ್ಲ."

ಈ ಸಿದ್ಧಾಂತವನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ, ಯಾಕೆಂದರೆ ಸಾಹೇಬರ ಬಳಿ ದಾಖಲೆಗಳಿವೆ, ಅವೂ ಬಾಯಿಪಾಠ. 2008ರಿಂದ 2024ರವರೆಗೆ ಐಪಿಎಲ್‌ನ ಹದಿನೇಳು ಹಂಗಾಮು, ಕಪ್ಪು ಒಂದೂ ಇಲ್ಲ. ಆ ಅವಧಿಯಲ್ಲಿ ಬಂದು ಆಡಿದವರಾದರೂ ಎಂಥವರು! ಗೇಲ್ 2013ರ ಏಪ್ರಿಲ್ 23ರಂದು ಪುಣೆ ವಾರಿಯರ್ಸ್ ವಿರುದ್ಧ ಒಬ್ಬನೇ 175 ಹೊಡೆದ, ತಂಡ 263 ಮಾಡಿತು; ಅದೇ ವರ್ಷ ಅದೇ ತಂಡ ಐದನೆಯ ಸ್ಥಾನಕ್ಕೆ ಸಮಾಧಾನ ಮಾಡಿಕೊಂಡಿತು. 2016ರಲ್ಲಿ ಕೊಹ್ಲಿ ನಾಲ್ಕು ಶತಕ ಸೇರಿ 973 ರನ್ ಕೂಡಿಸಿದರು, ಡಿವಿಲಿಯರ್ಸ್ 687. ಕಪ್ಪು ಹೈದರಾಬಾದಿಗೆ ಹೋಯಿತು. ಪ್ರತಿಭೆ ಇಷ್ಟಿದ್ದೂ ಫಲ ಇಲ್ಲವೆಂದರೆ ಕಲಿಸುವವರಲ್ಲಿಯೇ ಐಬು ಎನ್ನುವುದು ಮೇಲ್ನೋಟಕ್ಕೆ ಸರಿಯಾದ ತರ್ಕ. ನಂಬಿಕೆ ಬಾರದವರಿಗಾಗಿ ಸಾಹೇಬರು ಪಂಚಾಂಗವನ್ನೂ ಇಟ್ಟುಕೊಂಡಿದ್ದಾರೆ: 263 ಆದ ತಾರೀಖಿಗೇ 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್, ಅದೇ ತಾರೀಖಿಗೆ 2022ರಲ್ಲಿ ಹೈದರಾಬಾದ್ ಎದುರು 68ಕ್ಕೆ ಆಲೌಟ್. ಅದೇ ಏಪ್ರಿಲ್ 23ಕ್ಕೆ 2023ರಲ್ಲಿ ರಾಜಸ್ಥಾನದ ಮೇಲೆ ಗೆದ್ದದ್ದು ಮಾತ್ರ ಈ ಪಂಚಾಂಗದಲ್ಲಿ ದಾಖಲಾಗಿಲ್ಲ.

ಆದರೆ ಕೋಚೇ ಕಾರಣ ಎನ್ನುವುದಾದರೆ ಎರಡು ಸಂಗತಿ ಕಾಣಬೇಕು. ಕೋಚ್ ಬದಲಾದಾಗ ಫಲ ಬದಲಾಗಬೇಕು. ಕೋಚ್ ಅವನೇ ಇರುವ ತನಕ ಫಲವೂ ಹೆಚ್ಚುಕಡಿಮೆ ಹಾಗೇ ಇರಬೇಕು. ನಡೆದದ್ದು ಎರಡೂ ಅಲ್ಲ. ವೆಂಕಟೇಶ್ ಪ್ರಸಾದರಿಂದ ಶುರುವಾಗಿ ಜೆನಿಂಗ್ಸ್, ವೆಟ್ಟೋರಿ, ಕರ್ಸ್ಟನ್, ಕ್ಯಾಟಿಚ್, ಹೆಸನ್, ಬಾಂಗರ್ ಎಂದು ಪಟ್ಟಿ ಬೆಳೆಯಿತು, ಕಪಾಟು ಖಾಲಿಯೇ ಉಳಿಯಿತು. ಕರ್ಸ್ಟನ್ ಅಂದರೆ 2011ರಲ್ಲಿ ಭಾರತಕ್ಕೆ ವಿಶ್ವಕಪ್ ಗೆಲ್ಲಿಸಿಕೊಟ್ಟ ಕೋಚ್. ಅವರ ಕೈಯಲ್ಲಿ 2019ರಲ್ಲಿ ಬೆಂಗಳೂರು ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಇನ್ನು ಎರಡನೆಯ ಸಂಗತಿ. 2016ರಲ್ಲಿ ಫೈನಲ್ ತಲುಪಿಸಿದವರು ವೆಟ್ಟೋರಿ, 2017ರಲ್ಲಿ ತಂಡ ಕೊನೆಯದಾದಾಗಲೂ ಅವರೇ. ಆ ವರ್ಷ ಕೆ.ಎಲ್. ರಾಹುಲ್ ಗಾಯವಾಗಿ ಹೊರಗಿದ್ದ ಎಂದು ಸಾಹೇಬರು ಬೆರಳೆತ್ತುತ್ತಾರೆ. ಇರಲಿ, 49ರ ಆ ರಾತ್ರಿ ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಮೈದಾನದಲ್ಲಿದ್ದರು. ಬೆನ್ನಟ್ಟಬೇಕಾದದ್ದು ಬರೇ 132. ಒಬ್ಬರಾದರೂ ಎರಡಂಕಿ ಮುಟ್ಟಲಿಲ್ಲ. 2024ರದ್ದಂತೂ ಇನ್ನೂ ಸೋಜಿಗ. ಆಂಡಿ ಫ್ಲವರ್ ಬಂದ ಮೊದಲ ಹಂಗಾಮದು. ಆರಂಭದ ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು, ಅಲ್ಲಿಂದ ಮುಂದೆ ಸತತ ಆರು ಗೆಲುವು. ಎಂಟನೆಯ ಮತ್ತು ಒಂಬತ್ತನೆಯ ಪಂದ್ಯಗಳ ನಡುವೆ ಕೋಚೂ ಬದಲಾಗಲಿಲ್ಲ, ಹುಡುಗರಿಗೆ ಹೊಸದಾಗಿ ಪ್ರತಿಭೆಯೂ ಮೂಡಲಿಲ್ಲ.

ಹಾಗಾದರೆ ಚೆನ್ನೈ? ಇದು ಸಾಹೇಬರಲ್ಲದ ಬುದ್ಧಿವಂತರು ಎತ್ತುವ ಆಕ್ಷೇಪ, ಉತ್ತರಕ್ಕೆ ಯೋಗ್ಯವಾದದ್ದು. ಸ್ಟೀಫನ್ ಫ್ಲೆಮಿಂಗ್ 2009ರಿಂದ ಅಲ್ಲಿ ಕೋಚ್, ಕಪ್ಪು ಐದು. ಕೋಚನ್ನು ಬಿಟ್ಟುಕೊಡದೆ ಇಟ್ಟುಕೊಂಡರೆ ಫಲ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎನ್ನಬಹುದು. ಅದೇ ಫ್ಲೆಮಿಂಗ್ ಇದ್ದಾಗಲೇ 2025ರಲ್ಲಿ ಚೆನ್ನೈ ಹತ್ತಕ್ಕೆ ಹತ್ತನೆಯದಾಯಿತು. ನಮ್ಮ ದ್ರಾವಿಡರನ್ನೇ ನೋಡಬಹುದು: 2023ರ ವಿಶ್ವಕಪ್‌ನಲ್ಲಿ ಹತ್ತು ಪಂದ್ಯ ಸತತ ಗೆದ್ದ ಅವರ ಭಾರತ ತಂಡ ಅಹಮದಾಬಾದಿನ ಫೈನಲಿನಲ್ಲಿ ಸೋತಿತು, ಏಳು ತಿಂಗಳ ನಂತರ ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಎತ್ತಿತು, ಮರುವರ್ಷ ಅವರೇ ಕೋಚಾಗಿದ್ದ ರಾಜಸ್ಥಾನ ಒಂಬತ್ತನೆಯದಾಯಿತು. ಕಲಿಸುವ ಮನುಷ್ಯ ಮೂರೂ ಕಡೆ ಒಬ್ಬನೇ. ಕೋಚ್ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. ಸೋಲಿನ ಇಡೀ ಮೂಟೆಯನ್ನು ಹೊರುವಷ್ಟು ಅವನ ಬೆನ್ನು ಅಗಲವಿಲ್ಲ ಅಷ್ಟೆ.

ಸಾಹೇಬರು ಎಡವುವುದು ಕೋಚಿನ ಹತ್ತಿರ ಅಲ್ಲ, ಅದಕ್ಕೂ ಮೊದಲು, 'ಹುಡುಗೋರು' ಎನ್ನುವ ಹತ್ತಿರ. ಆ ಬಹುವಚನದಲ್ಲಿ ಇದ್ದವರು ಮೂವರು. ರಸ್ತೆಗೆ ಹತ್ತಿದ ಮೂರು ಸಾಲು ತೊಗರಿ ಆಳೆತ್ತರ ನಿಂತು, ಒಳಗಿನ ಹೊಲವೆಲ್ಲ ನೆಟೆರೋಗಕ್ಕೆ ಒಣಗಿದ್ದರೆ, ಬಸ್ಸಿನಲ್ಲಿ ಹೋಗುವವರು ಬೆಳೆ ಭಾರಿ ಬಂದಿದೆ ಎನ್ನುತ್ತಾರೆ; ರಾಶಿ ಮಾಡಿದವನಿಗೆ ನಿಜ ಗೊತ್ತು. 2016ರ ಮೇ 29ರ ಫೈನಲ್ ಅಂಥ ರಾಶಿ. ಗುರಿ 209. ಗೇಲ್ ಮತ್ತು ಕೊಹ್ಲಿ 10.3 ಓವರಿನಲ್ಲಿ 114 ಕೂಡಿಸಿದರು. ಇನ್ನುಳಿದ 57 ಎಸೆತಕ್ಕೆ 95 ರನ್ ಸಾಕಿತ್ತು. ಅವರಿಬ್ಬರನ್ನು ಬಿಟ್ಟರೆ ಒಬ್ಬರೂ 20 ಮುಟ್ಟಲಿಲ್ಲ, ಎಂಟು ರನ್ನಿನಿಂದ ಸೋಲು. ಅದಕ್ಕೂ ಮೊದಲು ವಾಟ್ಸನ್ ನಾಲ್ಕು ಓವರಿಗೆ 61 ಕೊಟ್ಟದ್ದು ಬೇರೆ ಖಾತೆ. 2025ರ ಜೂನ್ 3ರ ಫೈನಲನ್ನು ಇದರ ಪಕ್ಕಕ್ಕಿಡಿ. 190 ರನ್ನಿನಲ್ಲಿ ಅರ್ಧಶತಕ ಒಂದೂ ಇಲ್ಲ, ಎಲ್ಲರಿಗಿಂತ ಹೆಚ್ಚೆಂದರೆ ಕೊಹ್ಲಿಯ 43. ಉಳಿದದ್ದು ಪಾಟಿದಾರ್, ಲಿವಿಂಗ್‌ಸ್ಟೋನ್, ಮಯಾಂಕ್ ಕೊಟ್ಟ ಇಪ್ಪತ್ತು ಚಿಲ್ಲರೆ, ಜಿತೇಶ್ ಶರ್ಮಾ ಹತ್ತೇ ಎಸೆತಕ್ಕೆ ಹೊಡೆದ 24. ಆಮೇಲೆ ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ 17 ಮಾತ್ರ ಬಿಟ್ಟುಕೊಟ್ಟು ಪಂಜಾಬನ್ನು ಕಟ್ಟಿಹಾಕಿದರು. 2009ರಲ್ಲಿ ಡೆಕ್ಕನ್ ಚಾರ್ಜರ್ಸ್‌ಗೆ ಆರು ರನ್ನಿನಿಂದ ಬಿಟ್ಟ ಕಪ್ಪು ಹೀಗೆ ಆರು ರನ್ನಿನಿಂದಲೇ ಬಂತು. ಹಿಂದಿನ ನವೆಂಬರಿನಲ್ಲಿ ಜೆಡ್ಡಾದ ಹರಾಜಿನಲ್ಲಿ ಒಳಗಿನ ಹೊಲಕ್ಕೂ ಬೀಜ ಬಿದ್ದದ್ದರ ಫಲ ಇದು. ಯಾವ ಜಾಗಕ್ಕೆ ಯಾರು ಎಂಬ ಲೆಕ್ಕ ಪ್ರತಿಭೆಯ ಖಾತೆಗೂ ಸೇರುವುದಿಲ್ಲ, ತರಬೇತಿಯ ಖಾತೆಗೂ ಸೇರುವುದಿಲ್ಲ.

ಆರಿಸುವುದೂ ಕೋಚಿನ ಕೆಲಸವೇ ಅಲ್ಲವೇ ಎಂದರೆ, ಅರ್ಧ ಹೌದು. ಹರಾಜಿನ ಮೇಜಿಗೆ ಮಾಲೀಕರ ಹಣ, ನಿರ್ದೇಶಕರ ಯೋಜನೆ, ಆಟಗಾರರನ್ನು ಹುಡುಕಿಕೊಟ್ಟವರ ವರದಿ, ನಾಯಕನ ಇಷ್ಟ ಎಲ್ಲವೂ ಬಂದು ಕೂಡುತ್ತವೆ. 2009ರಲ್ಲಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, ಆಗ ಬೆಂಗಳೂರಿನ ಹುಡುಗ. 2014ರ ಫೈನಲಿನಲ್ಲಿ ಚಿನ್ನಸ್ವಾಮಿ ಮೈದಾನದಲ್ಲೇ 94 ಹೊಡೆದು ಗೆಲ್ಲಿಸಿದ್ದು ಕೋಲ್ಕತ್ತವನ್ನು. ಇಂಥದ್ದಕ್ಕೆ ಹೊಣೆ ಆರೇಳು ಮಂದಿಗೆ ಹಂಚಿಹೋಗುತ್ತದೆ. ಆರೇಳು ಮಂದಿಯನ್ನು ಒಂದೇ ಚಾದಲ್ಲಿ ಬೈದು ಮುಗಿಸಲಾಗದು, ಎರಡನೆಯದಕ್ಕೆ ಯಾರು ಹಣ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ. ಕೋಚ್ ಒಬ್ಬನೇ, ಬಹುಮಟ್ಟಿಗೆ ಪರದೇಶದವನು, ಕನ್ನಡ ಬಾರದವನು. ಬೈಯಲು ಅಷ್ಟು ಅನುಕೂಲವಾದವನು ಇನ್ನೊಬ್ಬನಿಲ್ಲ.

ಇದು ಕ್ರಿಕೆಟ್ಟಿಗೆ ನಿಲ್ಲುವ ಅಭ್ಯಾಸವಾಗಿದ್ದರೆ ಸಾಹೇಬರ ಚಿತ್ರ ಇಲ್ಲಿಗೆ ಮುಗಿಯುತ್ತಿತ್ತು. ಬೆಂಗಳೂರು ಕಪ್ ಗೆಲ್ಲುವ ತಿಂಗಳ ಮುಂಚೆ, 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ರಾಜ್ಯಕ್ಕೆ ಕೊನೆಯದಾಗಿತ್ತು. ಅದೇ ಕಟ್ಟಿ, ಅದೇ ಸಿದ್ಧಾಂತ, ಸ್ವಲ್ಪ ತಿದ್ದುಪಡಿಯೊಂದಿಗೆ. ತಮ್ಮ ಮನೆಯ ಹುಡುಗ ನಪಾಸಾಗಿದ್ದರೆ, "ಅವಂಗ ತಲಿ ಭಾಳ ಐತ್ರೀ, ಮಾಸ್ತರ್ ಹೇಳಿಕೊಡಂಗಿಲ್ಲ." ಪಕ್ಕದ ಮನೆಯವನು ನಪಾಸಾಗಿದ್ದರೆ, "ಮಾಸ್ತರ್ ಏನ್ ಮಾಡ್ತಾರ್ರೀ ಪಾಪ, ಹುಡುಗಗ ತಲೀನೇ ಇಲ್ಲ." ಹೀಗೆ ನಮ್ಮವರಿಗೆಲ್ಲ ಪ್ರತಿಭೆ, ಕಂಡವರ ಮಕ್ಕಳಿಗೆ ದಡ್ಡತನ. ಕೊಹ್ಲಿ ನಮ್ಮವನು, ಆದ್ದರಿಂದ ವೆಟ್ಟೋರಿ ತಪ್ಪಿತಸ್ಥ. ಈ ಮಣ್ಣಿನಲ್ಲಿ ಪ್ರತಿಭೆ ಇತ್ತು ಎನ್ನಲು ಚಿತ್ತಾಪುರದ ಸಾಹೇಬರು ಊರ ಪಕ್ಕದ ನಾಗಾವಿಯನ್ನೂ ಎಳೆದು ತರುತ್ತಾರೆ. ಅಲ್ಲಿಯ ಘಟಿಕಾಸ್ಥಾನ ಎಂಬ ಪ್ರಾಚೀನ ವಿದ್ಯಾಲಯದ 1058ರ ಶಾಸನವನ್ನು ಯಾರಾದರೂ ಓದಿ ಹೇಳಿದರೆ ಅವರಿಗೆ ನಿರಾಸೆಯಾದೀತು. ವೇದ ಓದುವವರು 200, ಶಾಸ್ತ್ರ ಓದುವವರು 52, ಎರಡಕ್ಕೂ ಕಲಿಸುವವರು ಮೂವರು ಮೂವರು, ಪುಸ್ತಕ ಕಾಯಲು ಆರು ಮಂದಿ ಸರಸ್ವತಿ ಭಂಡಾರಿಗರು. ಶಾಸನಕ್ಕೆ ಮುಖ್ಯವಾದದ್ದು ಯಾವ ಕೆಲಸಕ್ಕೆ ಎಷ್ಟು ಜನ ಎಂಬ ಲೆಕ್ಕ.

ಕಪ್ಪು ಬಂದ ಮೇಲೆ ಸಾಹೇಬರು ಏನು ಹೇಳಿದರೆಂದು ಊಹಿಸುವುದು ಕಷ್ಟವಲ್ಲ: ಗೆದ್ದದ್ದು ಹುಡುಗರು, ಫ್ಲವರ್ ಸುಮ್ಮನೆ ಕೂತಿದ್ದ. ಗೆಲುವಿನಲ್ಲಿ ಕೋಚಿಗೆ ಪಾಲು ಕೊಡುವ ಪದ್ಧತಿ ಇವರಲ್ಲಿಲ್ಲ. 2022ರಲ್ಲಿ ಜಿಲ್ಲೆಯ ಹಳೆಯ ಹೆಸರು ಹೊತ್ತ ಗುಲ್ಬರ್ಗ ಮಿಸ್ಟಿಕ್ಸ್ ಮಹಾರಾಜ ಟ್ರೋಫಿ ಗೆದ್ದಾಗ, 2024ರಲ್ಲಿ ಸ್ಮೃತಿ ಮಂಧಾನಾ ಅವರ ಮಹಿಳಾ ತಂಡ ಬೆಂಗಳೂರಿಗೆ ಮೊದಲ ಕಪ್ ತಂದಾಗ ಕಟ್ಟಿಯ ಮೇಲೆ ಹೇಳಿಕೊಳ್ಳುವ ಚರ್ಚೆಯೇ ಆಗಲಿಲ್ಲ. ಗೆದ್ದವರ ಬಗ್ಗೆ ಮಾತಾಡಲು ಏನಿರುತ್ತದೆ? ಹಾಗೆಂದು ಸಾಹೇಬರು ನಿರುದ್ಯೋಗಿಗಳಾಗಿಲ್ಲ. 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ರಣಜಿ ಗೆದ್ದ ಕರ್ನಾಟಕಕ್ಕೆ ಆಮೇಲಿನ ಹತ್ತು ವರ್ಷ ಅದು ಯಾಕೆ ದಕ್ಕಲಿಲ್ಲ ಎಂಬ ವಿಚಾರಣೆ ಈಗಾಗಲೇ ಶುರುವಾಗಿದೆ. ಅಲ್ಲಿ ಆ ವರ್ಷಗಳಲ್ಲಿ ಕೋಚ್ ಯಾರ್ಯಾರಿದ್ದರೆಂದು ಸಾಹೇಬರು ಇನ್ನೂ ಕೇಳಿಕೊಳ್ಳಬೇಕಾಗಿದೆ. ಸದ್ಯಕ್ಕೆ ಬೈಗುಳ ಹೆಸರಿಲ್ಲದೆ ನಡೆದಿದೆ.